ಇನ್ನೆಲ್ಲಾದ್ರೂ ಇದ್ಯಾ?

ನನ್ನ ಕಪ್ಪು ಶರ್ಟುಗಳೆಲ್ಲ ಬೀರುವಿನ ಹಿಂದಿನ ಸಾಲಿಗೆ ಹೋಗಿ ಎರಡು ವರ್ಷವಾಯ್ತು. ಹೆಗಲ ಮೇಲೆ ಉದುರುವ ಬಿಳಿ ಪುಡಿಯನ್ನು ಆಫೀಸಿನಲ್ಲಿ ಎಲ್ಲರೂ ಹೊಟ್ಟು ಅಂದ್ಕೊಂಡಿದ್ರು. ನಾನೂ ಹಾಗೇ ಅಂದ್ಕೊಂಡು ಶಾಂಪೂ ಬದಲಾಯಿಸ್ತಾ ಹೋದೆ. ಕೊನೆಗೊಂದು ದಿನ ಬೆಂಗಳೂರಿನ ಸಲೂನಿನಲ್ಲಿ ಹುಡುಗ ಕತ್ತರಿ ಕೆಳಗಿಟ್ಟು, "ಸಾರ್, ಇದು ಅಂಟುತ್ತಾ?" ಅಂದ. ಅರ್ಧ ಕಟಿಂಗಿಗೇ ಎದ್ದು ಬಂದೆ.

ಗುಂಡ್ಲುಪೇಟೆಗೆ ಹೋದಾಗ ಎಣ್ಣೆ ಹಚ್ಚಲು ಬಂದ ಅಮ್ಮ ತಲೆ ನೋಡಿ ಗಾಬರಿಯಾದಳು. ಅತ್ತೆ ನಾಗದೋಷ ಅಂದ್ರು. ಮಾರನೇ ದಿನ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಚಾಮರಾಜನಗರದ ಚರ್ಮದ ಡಾಕ್ಟರ ಹತ್ರ ಹೋದೆ.

ಸೋರಿಯಾಸಿಸ್ ಅಂದ್ರು. ಅಂಟುವ ಕಾಯಿಲೆ ಅಲ್ಲ. ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ, ಸುಮಾರು ಒಂದು ತಿಂಗಳಲ್ಲಿ ಹೊಸದಾಗಬೇಕಾದ ಚರ್ಮ ಕೆಲವೇ ದಿನದಲ್ಲಿ ಬೆಳೆದು ಪದರ ಕಟ್ಟುತ್ತೆ. ತಲೆಗೆ ಮೊದಲು ಪದರ ಸಡಿಲಿಸಲು ಸ್ಯಾಲಿಸಿಲಿಕ್ ಆಸಿಡ್, ಆಮೇಲೆ ಸ್ಟಿರಾಯ್ಡ್ ಲೋಷನ್, ಜೊತೆಗೆ ಟಾರ್ ಶಾಂಪೂ. ಔಷಧಿ ಕೂದಲಿಗೆ ಮೆತ್ತಿದರೆ ಪ್ರಯೋಜನವಿಲ್ಲ, ಬೈತಲೆ ತೆಗೆತೆಗೆದು ಬುಡಕ್ಕೇ ಹನಿ ಬಿಡಬೇಕು.

"ಇನ್ನೆಲ್ಲಾದ್ರೂ ಇದ್ಯಾ?"

"ಇಲ್ಲ."

"ಮನೇಲಿ ಯಾರಿಗಾದ್ರೂ?"

"ಇಲ್ಲ."

ಎರಡೂ ಸುಳ್ಳು. ಎರಡನೆಯದು ಸುಳ್ಳು ಅಂತ ನನಗಾಗ ಗೊತ್ತಿರಲಿಲ್ಲ. ಮೊದಲನೆಯದು ಗೊತ್ತಿತ್ತು. ತೊಡೆಸಂದಿಯಲ್ಲಿ ಕೆಂಪಗೆ, ನುಣ್ಣಗೆ ಒಂದು ಮಚ್ಚೆ ಇತ್ತು. ತೆರೆದ ಬಾಗಿಲಲ್ಲಿ ಮುಂದಿನ ಟೋಕನ್ನಿನವರು ನಿಂತಿದ್ದರು. ಬಾಯಿ ಬರಲಿಲ್ಲ.

ತಲೆಗೆ ಕೊಟ್ಟ ಲೋಷನ್ನನ್ನೇ ಅಲ್ಲಿಗೂ ಹಚ್ಚಿದೆ. ಉರಿಯಿತು, ತಡ್ಕೊಂಡೆ. ಹತ್ತು ದಿನಕ್ಕೆ ಮಚ್ಚೆ ಮಾಯ! ನಿಲ್ಲಿಸಿದರೆ ವಾಪಸ್. ಮತ್ತೆ ಹಚ್ಚಿದೆ. ಮೂರು ತಿಂಗಳಿಗೆ ಅಲ್ಲಿನ ಚರ್ಮ ಸಿಗರೇಟ್ ಪೇಪರಿನಂತೆ ತೆಳುವಾಗಿ ಕೆನ್ನೀಲಿ ಗೆರೆಗಳು ಬಿದ್ದವು.

ರಜೆ ಹಾಕಿ ಮತ್ತೆ ಚಾಮರಾಜನಗರಕ್ಕೆ ಹೋದೆ. ಈ ಸಲ ಬಾಗಿಲು ಹಾಕಿಸಿ ಅಂತ ನಾನೇ ಕೇಳಿದೆ. ಡಾಕ್ಟರ್ ಬೈಯಲಿಲ್ಲ. ಸಂದಿಗಳಲ್ಲಿ ಚರ್ಮವೇ ತೆಳು, ಮಡಿಕೆಯೊಳಗೆ ಔಷಧಿ ಇನ್ನೂ ಜಾಸ್ತಿ ಇಳಿಯುತ್ತೆ. ಅಲ್ಲಿಗೆ ಸೌಮ್ಯವಾದ ಸ್ಟಿರಾಯ್ಡ್ ಸ್ವಲ್ಪ ದಿನ, ಆಮೇಲೆ ಟ್ಯಾಕ್ರೊಲಿಮಸ್ ಅಂದ್ರು. ಮಚ್ಚೆ ಹಿಡಿತಕ್ಕೆ ಬರುತ್ತಂತೆ. ಗೆರೆಗಳು ಪೂರ್ತಿ ಹೋಗಲ್ಲವಂತೆ.

"ಉಗುರಲ್ಲಿ ಸೂಜಿ ಚುಚ್ಚಿದ ಹಾಗೆ ಗುಳಿ ಬಿದ್ರೆ, ಬೆಳಗ್ಗೆ ಎದ್ದಾಗ ಕೀಲು ಹಿಡ್ಕೊಂಡ್ರೆ ತಡ ಮಾಡ್ಬೇಡಿ" ಅಂತಲೂ ಹೇಳಿದ್ರು.

ಆ ಸಂಜೆ ಅಪ್ಪ ಜಗಲಿಯಲ್ಲಿ ಕೂತು ಚೆಂಡುಹೂವಿನ ಲೆಕ್ಕ ಬರೀತಿದ್ದರು. ಪೆನ್ನು ಹಿಡಿದ ಹೆಬ್ಬೆರಳಿನ ಉಗುರಿನ ತುಂಬ ಗುಳಿ. ಚಿಕ್ಕಂದಿನಿಂದ ನೋಡಿದ್ದೇನೆ. ಹೊಲ ಗೆಯ್ಯುವ ಕೈ, ಹಂಗೇ ಇರುತ್ತೆ ಅಂದ್ಕೊಂಡಿದ್ದೆ.

"ಅಪ್ಪ, ಇನ್ನೆಲ್ಲಾದ್ರೂ ಇದ್ಯಾ?"

ಅಪ್ಪ ಒಮ್ಮೆ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದರು. "ಸೊಂಟದ ಕೆಳಗೆ ಅದ ಕನ. ಇಪ್ಪತ್ತು ವರ್ಸ ಆಯ್ತು."

ಸೋಮವಾರ ಇಬ್ಬರೂ ಬಸ್ಸು ಹತ್ತುತ್ತಿದ್ದೇವೆ. ಬಾಗಿಲು ಹಾಕಿಸುವ ಕೆಲಸ ನನ್ನದು.