ಮೊಣಕಾಲುದ್ದದ ಕಡಲಿನಲ್ಲಿ

ನಿವೃತ್ತಿಯ ಅನಂತರ ಫ್ಲಾರಿಡಾದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಅವನು ನನ್ನನ್ನು ಇಸ್ಲಾಮೊರಾಡಾ ಎಂಬ ದ್ವೀಪದೂರಿಗೆ ಮೀನು ಹಿಡಿಯಲು ಕರೆದೊಯ್ದ. ಕಡಲೆಂದರೆ ಅಲೆಗಳ ಮೊರೆತವೆಂದೇ ನಂಬಿದ್ದ ನನಗೆ ಅಲ್ಲಿ ಕಂಡದ್ದು ಮೊಣಕಾಲುದ್ದದ ತಿಳಿನೀರು, ತಳದಲ್ಲಿ ಕಡಲಹುಲ್ಲು.

ದೋಣಿಯೂ ಅದಕ್ಕೆ ತಕ್ಕಂತೆ. ಒಂದಡಿಗಿಂತ ಕಡಿಮೆ ನೀರಿನಲ್ಲಿಯೂ ತೇಲುತ್ತದೆ. ಮಾರ್ಗದರ್ಶಿಯು ಮೋಟಾರನ್ನು ನಿಲ್ಲಿಸಿ ಮೇಲಕ್ಕೆತ್ತಿದ; ಅದರ ರೆಕ್ಕೆ ತಾಗಿ ಹುಲ್ಲು ಕಿತ್ತುಹೋದರೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ಬಳಿಕ ಮೋಟಾರಿನ ಮೇಲಿನ ಅಟ್ಟಣಿಗೆಯೇರಿ, ನಮ್ಮ ಹೊಳೆಯ ಅಂಬಿಗರಂತೆಯೇ, ಸುಮಾರು 20 ಅಡಿಯ ಗಳದಿಂದ ದೋಣಿಯನ್ನು ಸದ್ದಿಲ್ಲದೆ ನೂಕತೊಡಗಿದ.

ಮಗನ ಕೈಯಲ್ಲಿ 9 ಅಡಿಯ ಬಳುಕುವ ಕೋಲು. ಗಾಳದ ಕೊಕ್ಕೆಗೆ ರೋಮ, ನೂಲು ಸುತ್ತಿ ಸೀಗಡಿಯ ರೂಪ ಕೊಟ್ಟಿದ್ದರು. ಬೋನ್‌ಫಿಶ್ ಕಚ್ಚಿದರೆ ಒಂದೇ ಉಸಿರಿಗೆ ನೂರಾರು ಅಡಿ ಓಡುವುದರಿಂದ ರಾಟೆಯ ತುಂಬ ದಾರ.

"ಅಪ್ಪಾ, ಬಲಕ್ಕೆ ನೋಡಿ" ಎಂದು ಮಗ ಪಿಸುಗುಟ್ಟಿದ. ಎದ್ದ ನನ್ನ ಕೈಯಿಂದ ನೀರಿನ ಬಾಟಲಿ ಜಾರಿ ದೋಣಿಯೊಳಗೆ ಬಿತ್ತು. ಮೀನುಗಳು ಮಾಯ!

ತರಗತಿಯಲ್ಲಿ ಸದ್ದು ಮಾಡಿದವರನ್ನು ಹೊರಗೆ ನಿಲ್ಲಿಸುತ್ತಿದ್ದವನು ನಾನು. ಹಾಗೆ ನಿಂತವರಲ್ಲಿ ಇವನೂ ಒಬ್ಬ. ಈಗ ಅವನು ಬಾಟಲಿಯನ್ನೆತ್ತಿ ನನ್ನ ಕೈಗಿತ್ತು, "ಇನ್ನೊಂದು ಹಿಂಡು ಬರುತ್ತೆ, ಕೂತ್ಕೊಳ್ಳಿ" ಎಂದನಷ್ಟೆ.

ಸಂಜೆಗೆ ಒಂದು ಸಿಕ್ಕಿತು. 2013ರಿಂದ ಫ್ಲಾರಿಡಾದಲ್ಲಿ ಬೋನ್‌ಫಿಶ್ ಹಿಡಿದರೂ ಇಟ್ಟುಕೊಳ್ಳುವಂತಿಲ್ಲ. ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆವು. ಮರಳುವಾಗ, ಅಂದು ಹೊರಗೆ ನಿಲ್ಲಿಸಿದ ಹುಡುಗನ ಕ್ಷಮೆ ಕೇಳಬೇಕೆನಿಸಿತು. ಬಾಯಿ ಬರಲಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ, ಅವನು ಓದುತ್ತಾನೆ.