ಗಾಳದ ದಾರ

ಕಾವೇರಿಯ ದಂಡೆಯ ಹಳ್ಳಿಯೊಂದರಲ್ಲಿ ಗಾಳ ಹಾಕುವುದರಲ್ಲಿ ನುರಿತ ಹಿರಿಯರೊಬ್ಬರಿದ್ದಾರೆ. ಬೇಸಗೆಯ ಮುಂಜಾವದಲ್ಲಿ ಅವರು ಹೊಳೆಯ ಬಂಡೆಯ ಮೇಲೆ ಕುಳಿತರೆಂದರೆ ಊರ ಹುಡುಗರು ಸುತ್ತಲೂ ನೆರೆಯುತ್ತಾರೆ. ಹುಡುಗರ ಕಣ್ಣು ಮೊದಲು ಕೋಲಿನ ಮೇಲೆ, ಅನಂತರ ಕೊಕ್ಕೆಯ ಮೇಲೆ, ಕೊನೆಗೆ ಮೀನಿನ ಮೇಲೆ. ಕೋಲನ್ನೂ ಕೊಕ್ಕೆಯನ್ನೂ ಕೂಡಿಸುವ ದಾರವನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಆದರೆ ಹಿರಿಯರ ಮನೆಯ ಅಟ್ಟದ ಮೇಲೆ ಹಲಸಿನ ಮರದ ಪೆಟ್ಟಿಗೆಯೊಂದಿದೆ. ಅದನ್ನು ತೆರೆದರೆ, ಯಾರೂ ಗಮನಿಸದ ಈ ದಾರದ ಕಥೆಯೆಲ್ಲ ಅಲ್ಲಿ ಸುರುಳಿ ಸುತ್ತಿಕೊಂಡು ಮಲಗಿರುವುದು ಕಾಣುತ್ತದೆ. ಪೆಟ್ಟಿಗೆಯಲ್ಲಿರುವುವು ಮೂರು ಉಂಡೆಗಳು: ಒಂದು ಅಜ್ಜನದು, ಒಂದು ತಂದೆಯದು, ಮತ್ತೊಂದು ಮಗ ತಂದುಕೊಟ್ಟದ್ದು.

ಅಜ್ಜನದು ರೇಷ್ಮೆಯ ದಾರ. ಆತ ಗಾಳದ ಗೀಳು ಹತ್ತಿದ ದೊರೆಯೊಬ್ಬನಿಗೆ ಹರಿಗೋಲು ನಡೆಸುತ್ತಿದ್ದನಂತೆ. ದೊರೆ ಊರು ಬಿಡುವಾಗ ಈ ದಾರವನ್ನು ಕಾಣಿಕೆಯಾಗಿ ಕೊಟ್ಟು ಹೋದನಂತೆ. ರೇಷ್ಮೆಗೆ ಮೊದಲು ಗಾಳಕ್ಕೆ ಕುದುರೆಯ ಬಾಲದ ಕೂದಲೇ ಗತಿಯಾಗಿದ್ದಿತು. 1653ರಲ್ಲಿ ಪ್ರಕಟವಾದ ಗಾಳಗಾರಿಕೆಯ ಹೆಸರಾಂತ ಗ್ರಂಥದಲ್ಲಿ ಐಸಾಕ್ ವಾಲ್ಟನ್ ಎಂಬ ಇಂಗ್ಲಿಷ್ ಲೇಖಕನು ಒಳ್ಳೆಯ ಕೂದಲನ್ನು ಆರಿಸುವ ಬಗೆಯನ್ನು ಹೇಳಿದ್ದಾನೆ. ಕೂದಲಿನ ಉದ್ದ ಅಲ್ಪ. ಆದ್ದರಿಂದ ಕೂದಲುಗಳನ್ನು ಹೊಸೆದು, ತುಂಡಿಗೆ ತುಂಡನ್ನು ಗಂಟುಹಾಕಿ ದಾರವನ್ನು ಬೆಳೆಸಬೇಕಾಗಿತ್ತು. ರೇಷ್ಮೆ ಬಂದ ಮೇಲೆ ಗಂಟಿಲ್ಲದ ನೀಳವಾದ ದಾರವು ಸಾಧ್ಯವಾಯಿತು. ರೇಷ್ಮೆಯ ಎಳೆಗಳನ್ನು ಜಡೆಯಂತೆ ಹೆಣೆದು, ಅಗಸೆ ಎಣ್ಣೆಯನ್ನು ಉಣಿಸಿ ಒಣಗಿಸುತ್ತಿದ್ದರು.

ಆ ದಾರ ಹಿಡಿದು ನಿಲ್ಲಿಸಬೇಕಾಗಿದ್ದ ಮೀನಾದರೂ ಸಾಮಾನ್ಯವಾದುದಲ್ಲ. ಕಾವೇರಿಯ ಬಿಳಿಮೀನು ಗಾಳಕ್ಕೆ ಸಿಕ್ಕೊಡನೆ ಪ್ರವಾಹದ ಜೊತೆಗೆ ಧಾವಿಸಿ ಬಂಡೆಗಳ ನಡುವೆ ನುಗ್ಗುತ್ತದೆ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಆ ವೈಭವ ಈಗ ಉಳಿದಿಲ್ಲ. ಗೂನುಬೆನ್ನಿನ ಆ ಮೀನು 2018ರಲ್ಲಿ ಅಳಿವಿನ ಅಂಚನ್ನು ಮುಟ್ಟಿದ ಜೀವಿಗಳ ಪಟ್ಟಿಗೆ ಸೇರಿತು. ಹಿರಿಯರು ಅದರ ಗೋಜನ್ನು ಬಿಟ್ಟು ಬಹುಕಾಲವಾಯಿತು. ಈಗ ಅವರು ಹಿಡಿಯುವುದು ಮನೆಯ ಸಾರಿಗೆ ಬೇಕಾಗುವಷ್ಟು ಸಣ್ಣ ಮೀನನ್ನು ಮಾತ್ರ.

ರೇಷ್ಮೆಗೆ ಬಲವಿದ್ದಿತು, ಬಾಳಿಕೆ ಇರಲಿಲ್ಲ. ಒದ್ದೆಯಾಗಿ ಉಳಿದರೆ ಅದು ಕೊಳೆಯುತ್ತಿತ್ತು. ಆದ್ದರಿಂದ ಪ್ರತಿ ಸಂಜೆಯೂ ಉಂಡೆಯನ್ನು ಬಿಚ್ಚಿ, ದಾರವನ್ನು ಎರಡು ಕಂಬಗಳ ನಡುವೆ ಹಾಯಿಸಿ ನೆರಳಿನಲ್ಲಿ ಒಣಗಿಸಬೇಕಾಗಿತ್ತು. ಕರಾವಳಿಯ ಬೆಸ್ತರು ಹತ್ತಿಯ ಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದುದೂ ಈ ಕೊಳೆತವನ್ನು ತಡೆಯುವುದಕ್ಕಾಗಿಯೇ. ಪೆಟ್ಟಿಗೆಯಲ್ಲಿರುವ ಅಜ್ಜನ ದಾರವನ್ನು ಈಗ ಬೆರಳಿನಿಂದ ಎಳೆದರೆ ಒಣ ಹುಲ್ಲಿನಂತೆ ತುಂಡಾಗುತ್ತದೆ.

ತಂದೆಯ ಕಾಲಕ್ಕೆ ನೈಲಾನು ಬಂದಿತು. ಅಮೆರಿಕದ ರಸಾಯನಶಾಸ್ತ್ರಜ್ಞ ವಾಲೇಸ್ ಕರೋದರ್ಸ್ 1935ರಲ್ಲಿ ಸಿದ್ಧಪಡಿಸಿದ ಈ ವಸ್ತುವು ಕೆಲವೇ ವರ್ಷಗಳಲ್ಲಿ ಗಾಳದ ದಾರವಾಗಿಯೂ ಮಾರುಕಟ್ಟೆಗೆ ಇಳಿಯಿತು. ಗಾಜಿನಂತೆ ಪಾರದರ್ಶಕವಾದ ಒಂದೇ ಎಳೆ, ಹೆಣಿಗೆಯಿಲ್ಲ, ಹುರಿಯಿಲ್ಲ, ಬೆಲೆಯೂ ಅಗ್ಗ. ಕೊಳೆಯುವ ಭಯ ತಪ್ಪಿತು. ಸಂಜೆಯ ಶ್ರಮವೂ ತಪ್ಪಿತು. ಆದರೆ ನೈಲಾನು ನೀರನ್ನು ಹೀರಿಕೊಂಡು ತುಸು ಬಲಗುಂದುತ್ತದೆ. ಬಿಸಿಲಿನಲ್ಲಿ ಬಿದ್ದಿದ್ದರೆ ಪೆಡಸಾಗುತ್ತದೆ. ಎಳೆದರೆ ಬಹಳ ಹಿಗ್ಗುತ್ತದೆ. ದೂರದಲ್ಲಿ ಮೀನು ಕೊಕ್ಕೆಯನ್ನು ಮುಟ್ಟಿದ ಸುದ್ದಿಯು ಆ ಹಿಗ್ಗಿನಲ್ಲಿಯೇ ಕರಗಿ, ಕೈಗೆ ತಡವಾಗಿ ತಲಪುತ್ತದೆ.

ಮೂರನೆಯ ಉಂಡೆ ಮಗನು ನಗರದಿಂದ ತಂದುಕೊಟ್ಟದ್ದು. ಇದು ಮತ್ತೆ ಹೆಣೆದ ದಾರ. ಆದರೆ ಎಳೆ ರೇಷ್ಮೆಯದಲ್ಲ, ಪಾಲಿಎಥಿಲೀನಿನದು. ಅಂಗಡಿಯ ಹಾಲಿನ ಪೊಟ್ಟಣವಾಗುವುದೂ ಪಾಲಿಎಥಿಲೀನೇ. ಬೆರಳಿನಿಂದ ಹರಿಯಬಹುದಾದ ಆ ಪೊಟ್ಟಣಕ್ಕೂ ಉಕ್ಕನ್ನು ಮೀರಿಸುವ ಈ ನೂಲಿಗೂ ಏನು ಸಂಬಂಧವೆಂದು ಆಶ್ಚರ್ಯವಾಗಬಹುದು. ಗುಟ್ಟು ಇರುವುದು ಅಣುಗಳ ಉದ್ದದಲ್ಲಿ ಮತ್ತು ಅವುಗಳ ಜೋಡಣೆಯಲ್ಲಿ. ಪೊಟ್ಟಣದ ಪಾಲಿಎಥಿಲೀನಿನಲ್ಲಿ ಸರಪಳಿಯಂತಹ ಅಣುಗಳು ಗೋಜಲಾಗಿ ಬಿದ್ದಿರುತ್ತವೆ. 1970ರ ದಶಕದ ಕೊನೆಯಲ್ಲಿ ನೆದರ್‌ಲೆಂಡ್ಸ್‌ನ ಡಿ.ಎಸ್.ಎಂ. ಸಂಸ್ಥೆಯ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಎಂಬ ವಿಜ್ಞಾನಿಗಳು ಈ ಗೋಜಲನ್ನು ಬಿಡಿಸುವ ದಾರಿಯನ್ನು ಕಂಡುಕೊಂಡರು. ಅತಿ ಉದ್ದವಾದ ಅಣುಗಳುಳ್ಳ ಪಾಲಿಎಥಿಲೀನನ್ನು ದ್ರಾವಕದಲ್ಲಿ ಕರಗಿಸಿ, ಸೂಕ್ಷ್ಮವಾದ ರಂಧ್ರಗಳ ಮೂಲಕ ಹಾಯಿಸಿ, ತಣಿಸಿ, ಲೋಳೆಯಂತಾದ ಎಳೆಯನ್ನು ಹತ್ತಾರು ಪಟ್ಟು ಉದ್ದಕ್ಕೆ ಎಳೆದರು. ಬಾಚಣಿಗೆಗೆ ಸಿಕ್ಕ ಕೂದಲಿನಂತೆ ಅಣುಗಳೆಲ್ಲ ಒಂದೇ ದಿಕ್ಕಿಗೆ ನೆಟ್ಟಗೆ ನಿಂತುವು. ಹಾಗೆ ಹುಟ್ಟಿದ ನೂಲು, ಸಮತೂಕದ ಉಕ್ಕಿಗಿಂತ ಹತ್ತು ಪಟ್ಟಿಗೂ ಮಿಗಿಲಾದ ಬಲವನ್ನು ಪಡೆಯಿತು. ಗುಂಡು ತಡೆಯುವ ಕವಚಗಳಿಗೂ ಹಡಗಿನ ಹಗ್ಗಗಳಿಗೂ ಇದೇ ನೂಲು ಬಳಕೆಯಾಗುತ್ತದೆ.

ಈ ನೂಲಿನ ನಾಲ್ಕು ಅಥವಾ ಎಂಟು ಎಳೆಗಳನ್ನು ಯಂತ್ರವು ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯಿಸಿ ಹೆಣೆಯುತ್ತದೆ. ಬರಿಯ ಹುರಿಯು ಭಾರ ಬಿದ್ದಾಗ ತಿರುಗಿ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಜಡೆಯಲ್ಲಿಯಾದರೋ ಪ್ರತಿಯೊಂದು ಎಳೆಯೂ ಮಿಕ್ಕ ಎಳೆಗಳನ್ನು ಹಿಡಿದುಕೊಂಡಿರುತ್ತದೆ. ಎಂಟು ಎಳೆಯ ದಾರ ದುಂಡಗೆ, ನುಣುಪಾಗಿರುತ್ತದೆ. ನಾಲ್ಕು ಎಳೆಯದು ತುಸು ಒರಟು. ಇದು ನೀರನ್ನು ಹೀರುವುದಿಲ್ಲ, ನೀರಿಗಿಂತ ಹಗುರವಾದುದರಿಂದ ತೇಲುತ್ತದೆ, ಬಹುಮಟ್ಟಿಗೆ ಹಿಗ್ಗುವುದೂ ಇಲ್ಲ. ಮೀನಿನ ಮೃದುವಾದ ಸ್ಪರ್ಶವೂ ಆ ಕ್ಷಣವೇ ಬೆರಳಿಗೆ ತಿಳಿಯುತ್ತದೆ.

ಆದರೂ ದೋಷವಿಲ್ಲದ ದಾರವಿಲ್ಲ. ಇದರ ಜಾರುಗುಣದಿಂದ ಸಾಮಾನ್ಯವಾದ ಗಂಟು ಕಳಚಿಕೊಳ್ಳುತ್ತದೆ. ಹೆಚ್ಚು ಸುತ್ತು ಹಾಕಿ, ಒದ್ದೆಮಾಡಿ ಬಿಗಿಯಬೇಕು. ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಇದು ಕರಗಿಹೋಗುತ್ತದೆ. ಬಿಗಿದ ದಾರವು ಬಂಡೆಯ ಅಂಚಿಗೆ ಉಜ್ಜಿದರೆ ಸೂಕ್ಷ್ಮವಾದ ಎಳೆಗಳು ಒಂದೊಂದಾಗಿ ಕತ್ತರಿಸುತ್ತವೆ. ಅದಕ್ಕಾಗಿಯೇ ಹಿರಿಯರು ಕೊಕ್ಕೆಯ ತುದಿಗೆ ಒಂದೆರಡು ಮಾರು ನೈಲಾನನ್ನು ಜೋಡಿಸುತ್ತಾರೆ. ಹೊರಗಿನ ಅರ್ಧ ಸವೆದಾಗ ದಾರವನ್ನು ತಿರುವಿ ಸುತ್ತಿ, ಒಳಗಿನ ಹೊಸ ಅರ್ಧವನ್ನು ಹೊರಕ್ಕೆ ತರುತ್ತಾರೆ. ಹೀಗೆ ಒಂದೇ ದಾರ ಹಲವು ವರ್ಷ ಬಾಳುತ್ತದೆ.

ಮಗನು ದಾರ ತಂದುಕೊಟ್ಟ ಮೊದಲನೆಯ ವರ್ಷ ಒಂದು ಘಟನೆ ನಡೆಯಿತು. ಗಾಳವು ಬಂಡೆಗಳ ಸಂದಿನಲ್ಲಿ ಸಿಕ್ಕಿಕೊಂಡಿತು. ಸಂಜೆಯಾಗಿದ್ದಿತು, ಹಿರಿಯರು ಎಳೆದು ನೋಡಿ, ಬೇಸತ್ತು, ಚಾಕುವಿನಿಂದ ದಾರವನ್ನು ಕತ್ತರಿಸಿ ಮನೆಗೆ ನಡೆದರು. ಮಳೆಗಾಲ ಬಂದು ಹೋಯಿತು. ಹೊಳೆ ಉಕ್ಕಿ ಹರಿದು ಇಳಿಯಿತು. ಮರುವರ್ಷದ ಬೇಸಗೆಯಲ್ಲಿ ನೀರು ತಗ್ಗಿದಾಗ ಅದೇ ಸಂದಿನಲ್ಲಿ ದಾರವು ಕಾಣಿಸಿತು. ಹಸಿರು ಬಣ್ಣ ಮಾಸಿ ಬೆಳ್ಳಗಾಗಿದ್ದಿತು. ಹಿರಿಯರು ಅದನ್ನು ಎರಡು ಕೈಗಳಿಗೆ ಸುತ್ತಿ ಜಗ್ಗಿದರು. ಬೆರಳಿನಲ್ಲಿ ನೆತ್ತರು ಒಸರಿತೇ ಹೊರತು ದಾರ ಹರಿಯಲಿಲ್ಲ. ಆ ದಾರದ ಕುಣಿಕೆಯಲ್ಲಿ ನೀರುಕಾಗೆಯೊಂದರ ಕಾಲಿನ ಎಲುಬುಗಳಿದ್ದುವು. ಮೀನಿಗಾಗಿ ನೀರಿನಲ್ಲಿ ಮುಳುಗಿದ ಹಕ್ಕಿ ಮೇಲಕ್ಕೆ ಬಂದಿರಲಿಲ್ಲ.

ಹಿರಿಯರು ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದರು. ಅಜ್ಜನ ದಾರವಾಗಿದ್ದರೆ ಅಷ್ಟು ಹೊತ್ತಿಗೆ ನೀರಿನಲ್ಲಿ ನೆನೆದು ಲಡ್ಡಾಗಿರುತ್ತಿತ್ತು. ಅದು ಪ್ರತಿ ಸಂಜೆಯೂ ಆರೈಕೆಯನ್ನು ಬೇಡುತ್ತಿತ್ತು, ಮರೆತರೆ ಮಣ್ಣಾಗುತ್ತಿತ್ತು. ಮಗನ ದಾರ ಯಾವ ಆರೈಕೆಯನ್ನೂ ಬೇಡುವುದಿಲ್ಲ; ಮರೆತರೂ ಅದು ತನ್ನ ಕೆಲಸವನ್ನು ಮರೆಯುವುದಿಲ್ಲ. ಹಿಡಿಯುವ ಕೈ ಹೋದ ಮೇಲೂ ಹಿಡಿಯುತ್ತಲೇ ಇರುತ್ತದೆ. ಮೀನು, ಹಕ್ಕಿ, ಆಮೆ, ನೀರುನಾಯಿ ಎಂಬ ಭೇದ ಅದಕ್ಕೆ ತಿಳಿಯದು.

ಅಂದಿನಿಂದ ಅವರು ದಾರವನ್ನು ನೀರಿನಲ್ಲಿ ಬಿಟ್ಟು ಬಂದಿಲ್ಲ. ಗಾಳ ಸಿಕ್ಕಿಕೊಂಡರೆ ಹರಿಗೋಲಿನಲ್ಲಿ ಹೋಗಿ ಬಿಡಿಸಿ ತರುತ್ತಾರೆ. ಅದಕ್ಕೆ ಅಂಜಿಕೆಯಾಗುವಂತಹ ಮಡುವಿನಲ್ಲಿ ಗಾಳವನ್ನೇ ಹಾಕುವುದಿಲ್ಲ. ಸವೆದ ತುಂಡುಗಳನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಡುತ್ತಾರೆ. “ಎರಡು ಮಾರು ದಾರಕ್ಕೆ ಇಷ್ಟೊಂದು ಪಾಡೇಕೆ?” ಎಂದು ಹುಡುಗರು ಕೇಳಿದರೆ ಅವರು ಉಪದೇಶ ಮಾಡುವುದಿಲ್ಲ, ಪೆಟ್ಟಿಗೆಯನ್ನು ತೆರೆದು ಅಜ್ಜನ ದಾರವನ್ನೂ ಹೊಳೆಯಿಂದ ಎತ್ತಿ ತಂದ ಆ ಬಿಳಿಚಿಕೊಂಡ ದಾರವನ್ನೂ ಕೈಗೆ ಕೊಟ್ಟು, ಎಳೆದು ನೋಡಿರೆನ್ನುತ್ತಾರೆ.

ಬಾಳಿಕೆ ದೊಡ್ಡ ಗುಣ. ಆದರೆ ವಸ್ತುವಿನ ಬಾಳಿಕೆ ಹೆಚ್ಚಿದಷ್ಟೂ ಅದನ್ನು ಬಳಸುವವನ ಹೊಣೆಯೂ ಬೆಳೆಯುತ್ತದೆ. ದಾರವನ್ನು ನೀರಿಗೆ ಎಸೆಯುವುದು ಸುಲಭ; ಅದನ್ನು ಪೂರ್ತಿಯಾಗಿ ಹಿಂದಕ್ಕೆ ಸುತ್ತಿಕೊಂಡಾಗಲೇ ಗಾಳದ ಕೆಲಸ ಮುಗಿದಂತೆ.