ವಿಕಲಚೇತನ ಮಕ್ಕಳು ಮತ್ತು ಮನೆಮಾತಿನ ಹಕ್ಕು



ಕನ್ನಡ ಶಾಲೆಗಳ ಅಳಿವು-ಉಳಿವಿನ ಕುರಿತು ನಾವು ಬಹಳಷ್ಟು ಮಾತನಾಡಿದ್ದೇವೆ. ಅಧ್ಯಾಪಕರ ನೇಮಕಾತಿ, ಪಠ್ಯಪುಸ್ತಕದ ವಿಳಂಬ, ಕಡ್ಡಾಯ ಮಲಯಾಳದ ಪ್ರಶ್ನೆ ಎಲ್ಲವೂ ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಚರ್ಚೆಯಾಗಿವೆ. ಆದರೆ ಅದೇ ಶಾಲೆಗಳ ಹಿಂದಿನ ಬೆಂಚಿನಲ್ಲಿ ಕುಳಿತಿರುವ, ಕೆಲವೊಮ್ಮೆ ಬೆಂಚಿನವರೆಗೂ ಬಾರದೆ ಮನೆಯ ಚಾವಡಿಯಲ್ಲಿಯೇ ಉಳಿದಿರುವ ಮಕ್ಕಳ ವಿಷಯ ನಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಇನ್ನೂ ಸ್ಥಾನ ಪಡೆದಿಲ್ಲ. ಇಂದು ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದಿನ ಕಾನೂನು 7 ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಇದು 21 ಬಗೆಗಳನ್ನು ಗುರುತಿಸುತ್ತದೆ. ಆಟಿಸಂ, ಕಲಿಕಾ ನ್ಯೂನತೆ, ಮಾತಿನ ತೊಂದರೆ ಇವೆಲ್ಲ ಅದರಲ್ಲಿ ಸೇರಿವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ನೆರೆಯ ಶಾಲೆಯಲ್ಲಾಗಬಹುದು, ಮಗು ಆಯ್ದುಕೊಂಡ ವಿಶೇಷ ಶಾಲೆಯಲ್ಲಾಗಬಹುದು. ದೇಶಕ್ಕೆಲ್ಲ ಒಂದೇ ಆದ ಯುಡಿಐಡಿ ಗುರುತುಚೀಟಿ ಬಂದಿದೆ. 2021ರ ಜೂನ್ 1ರಿಂದ ವೈಕಲ್ಯದ ಪ್ರಮಾಣಪತ್ರವನ್ನು ಆ ಜಾಲತಾಣದ ಮೂಲಕವೇ ನೀಡಬೇಕೆಂಬ ಆದೇಶವೂ ಆಗಿದೆ.

ಕಾನೂನು ದೆಹಲಿಯಲ್ಲಿ ಆಗುತ್ತದೆ. ಅದು ಫಲ ಕೊಡಬೇಕಾದರೆ ಊರು ಸಿದ್ಧವಾಗಬೇಕು. ಆಸ್ಟ್ರೇಲಿಯಾ ದೇಶವು 2013ರಲ್ಲಿ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯನ್ನು ಆರಂಭಿಸಿದಾಗ ಮೊದಲು ಬಾರ್ವನ್, ಹಂಟರ್ ಮೊದಲಾದ ಕೆಲವೇ ಪ್ರದೇಶಗಳಲ್ಲಿ ಪ್ರಯೋಗ ನಡೆಸಿತು. ಎಲ್ಲೆಡೆ ವಿಸ್ತರಿಸುವ ಕೆಲಸ ಆರಂಭವಾದುದು 2016ರ ಜುಲೈಯಲ್ಲಿ. ನಮ್ಮಲ್ಲಿ ಹಾಗೆ ಪ್ರದೇಶವನ್ನು ಮೊದಲು ಅಣಿಗೊಳಿಸುವ ಪದ್ಧತಿ ಕಡಿಮೆ. ಗಡಿನಾಡಿನಲ್ಲಂತೂ ಅದು ಇನ್ನೂ ಕಷ್ಟ. ಇಲ್ಲಿ ಸೌಲಭ್ಯದ ಭಾಷೆ ಒಂದು, ಮಗುವಿನ ಭಾಷೆ ಇನ್ನೊಂದು.

ಇದು ಎಷ್ಟು ಗಂಭೀರವೆಂಬುದನ್ನು ಒಂದು ನಿದರ್ಶನದಿಂದ ಹೇಳುತ್ತೇನೆ. ನಮ್ಮ ಶಾಲೆಯ ಮೂರನೆಯ ತರಗತಿಯ ಹುಡುಗನೊಬ್ಬನನ್ನು ತಪಾಸಣಾ ಶಿಬಿರಕ್ಕೆ ಕರೆದೊಯ್ದಿದ್ದೆವು. ಮಾತು ತಡವಾಗಿ ಬಂದ ಮಗು. ಪರೀಕ್ಷಿಸುತ್ತಿದ್ದವರು ಚಿತ್ರಗಳ ಹಾಳೆಯನ್ನು ಮುಂದಿಟ್ಟು "ತಾಕ್ಕೋಲ್ ಎಲ್ಲಿದೆ?" ಎಂಬ ಅರ್ಥದಲ್ಲಿ ಮಲಯಾಳದಲ್ಲಿ ಕೇಳಿದರು. ಹುಡುಗ ಸುಮ್ಮನೆ ಕುಳಿತ. ಅವನ ತಾಯಿ ಮೆಲ್ಲನೆ "ಬೀಗದ ಕೈ ಯಾವುದು ಮಗಾ?" ಎಂದಾಗ ತಕ್ಷಣ ಬೆರಳಿಟ್ಟು ತೋರಿಸಿದ. ಪರೀಕ್ಷಿಸಿದವರು ಸಜ್ಜನರೇ, ಉಳಿದ ಪ್ರಶ್ನೆಗಳನ್ನು ತಾಯಿಯ ಮೂಲಕವೇ ಕೇಳಿಸಿದರು. ಆದರೆ ತಾಯಿ ಅಂದು ಬಾಯಿ ತೆರೆಯದಿದ್ದರೆ? ಭಾಷೆ ತಿಳಿಯದ ಮೌನವೇ ಬುದ್ಧಿಯ ಕೊರತೆಯೆಂದು ದಾಖಲಾಗುತ್ತಿತ್ತು. ಒಮ್ಮೆ ಕಾಗದಕ್ಕೆ ಇಳಿದ ಶೇಕಡಾವಾರು ಅಂಕಿ ಮಗುವನ್ನು ಬಹುಕಾಲ ಹಿಂಬಾಲಿಸುತ್ತದೆ.

ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕದಂತಹ ಪಂಚಾಯತುಗಳಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ಎಂಡೋಸಲ್ಫಾನ್ ಸಿಂಪಡಣೆಯ ದುರಂತವನ್ನು ಉಂಡ ಊರುಗಳಿವು. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ ಅಥವಾ ಮರಾಠಿ, ಶಾಲೆಯಲ್ಲಿ ಕನ್ನಡ. ಇಂತಹ ಮನೆಗೆ ಬಡ್ಸ್ ಶಾಲೆಯವರೋ ಬಿ.ಆರ್.ಸಿ.ಯ ಸಂಪನ್ಮೂಲ ಅಧ್ಯಾಪಕರೋ ಮಲಯಾಳ ಮಾತ್ರ ಬಲ್ಲವರಾಗಿ ಬಂದರೆ, ಅವರ ಪ್ರಾಮಾಣಿಕ ಶ್ರಮವೂ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಮಾತಿನ ತರಬೇತಿ ತಾಯಿ ಆಡುವ ಮಾತಿನಲ್ಲಿ ನಡೆಯದೆ ಮನೆಯಲ್ಲಿ ಮುಂದುವರಿಯುವುದು ಹೇಗೆ?

ಆಗ ಹಿತೈಷಿಗಳಿಂದ ಒಂದು ಸಲಹೆ ಬರುತ್ತದೆ: "ಮಗುವನ್ನು ಮಲಯಾಳ ಮಾಧ್ಯಮಕ್ಕೆ ಸೇರಿಸಿ, ಎಲ್ಲ ಸೌಲಭ್ಯ ಅಲ್ಲಿಯೇ ಇದೆ." ಪೋಷಕರು ದಣಿದಿರುತ್ತಾರೆ, ಒಪ್ಪಿಬಿಡುತ್ತಾರೆ. ಒಪ್ಪುವ ಮೊದಲು ಕಾಯಿದೆಯ 17ನೆಯ ಪ್ರಕರಣವನ್ನು ತಿಳಿದಿರಿ. ವಿಕಲಚೇತನ ವಿದ್ಯಾರ್ಥಿಗಳಿಗಾಗಿ ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ಮಾಡಬೇಕಾದ ಮಾರ್ಪಾಡುಗಳನ್ನು ಅದು ಹೆಸರಿಸುತ್ತದೆ: ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಹಾಗೂ ಎರಡನೆಯ ಮತ್ತು ಮೂರನೆಯ ಭಾಷೆಗಳ ಕಲಿಕೆಯಿಂದ ವಿನಾಯಿತಿ. ಕನ್ನಡ, ಮಲಯಾಳ, ಇಂಗ್ಲಿಷ್, ಹಿಂದಿ ಎಂದು ನಾಲ್ಕು ಲಿಪಿಗಳ ಹೊರೆ ಹೊರುವ ನಮ್ಮ ಮಕ್ಕಳಿಗೆ ಈ ಮಾತು ಎಷ್ಟು ದೊಡ್ಡ ಆಸರೆ! ಭಾಷೆಯ ಭಾರ ಇಳಿಸಬೇಕಾದಾಗ ಮೊದಲು ಇಳಿಯಬೇಕಾದದ್ದು ಮನೆಮಾತು ಅಲ್ಲವೆಂದು ಮುಖ್ಯೋಪಾಧ್ಯಾಯರ ಮುಂದೆ ಧೈರ್ಯವಾಗಿ ಹೇಳಿರಿ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ, ವಿಕಲಚೇತನ ಮಕ್ಕಳನ್ನು ಹೊರಗಿಟ್ಟು ಬರೆದದ್ದಲ್ಲ.

ಇನ್ನು ನಾವು ಕೈಗೊಳ್ಳಬೇಕಾದ ಕೆಲಸಗಳು. ಮೊದಲನೆಯದಾಗಿ, ದಾಖಲೆಗಳನ್ನು ಸರಿಪಡಿಸಿಕೊಳ್ಳಿ. ಜನನ ಪತ್ರ, ಆಧಾರ್, ಶಾಲೆಯ ದಾಖಲಾತಿ ಪುಸ್ತಕ ಮೂರರಲ್ಲಿಯೂ ಮಗುವಿನ ಹೆಸರಿನ ಕಾಗುಣಿತ ಒಂದೇ ಇರಲಿ. ಕನ್ನಡದ ಹೆಸರು ಮಲಯಾಳಕ್ಕೂ ಅಲ್ಲಿಂದ ಇಂಗ್ಲಿಷಿಗೂ ಹೋಗುವಾಗ ರೂಪ ಬದಲಿಸುತ್ತದೆ. ಆಮೇಲೆ ಅಕ್ಷಯ ಕೇಂದ್ರಕ್ಕೆ ಹತ್ತು ಬಾರಿ ಅಲೆಯಬೇಕಾಗುತ್ತದೆ.

ಎರಡನೆಯದಾಗಿ, ತಪಾಸಣೆಯ ದಿನ ಮಗುವಿನ ಮಾತು ಬಲ್ಲವರೊಬ್ಬರು ಜೊತೆಗಿರಲಿ. ಯಾವ ಭಾಷೆಯಲ್ಲಿ ಪರೀಕ್ಷೆ ನಡೆಯಿತೆಂಬುದನ್ನು ವರದಿಯಲ್ಲಿ ಬರೆಯುವಂತೆ ವಿನಯದಿಂದ ಕೇಳಿರಿ. ಮಾತು-ಶ್ರವಣದ ವಿಷಯದಲ್ಲಿ ಸಂದೇಹ ಉಳಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲಿಯೇ ವಿಚಾರಿಸಬಹುದು.

ಮೂರನೆಯದಾಗಿ, ಪಂಚಾಯತಿನ ಭಿನ್ನಶೇಷಿ ಗ್ರಾಮಸಭೆಗೆ ತಪ್ಪದೆ ಹೋಗಿರಿ. ಕನ್ನಡ ಬಲ್ಲ ವಿಶೇಷ ಅಧ್ಯಾಪಕರು, ಕನ್ನಡದ ಅರ್ಜಿ ನಮೂನೆ ಎಂಬ ಎರಡು ಬೇಡಿಕೆಗಳನ್ನು ಬರಹದಲ್ಲಿ ಕೊಟ್ಟು ನಡಾವಳಿಯಲ್ಲಿ ಸೇರಿಸಿರಿ. ಅಹವಾಲನ್ನು ಕನ್ನಡದಲ್ಲಿಯೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ಕೊಟ್ಟಿದೆ.

ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ, ಮಡಕಶಿರಾ ಪ್ರದೇಶಗಳ ಬಂಧುಗಳೇ, ಕಚೇರಿಯ ಭಾಷೆ ನಿಮ್ಮಲ್ಲಿ ಬೇರೆ. ಕೇಂದ್ರದ ಕಾಯಿದೆ ಒಂದೇ. ನಿಮ್ಮ ಊರಿನ ಕನ್ನಡ ಶಾಲೆಯಲ್ಲಿ ಇಂತಹ ಮಕ್ಕಳು ಎಷ್ಟಿದ್ದಾರೆ, ಅವರಲ್ಲಿ ಎಷ್ಟು ಮಂದಿಗೆ ಗುರುತುಚೀಟಿ ಇದೆ ಎಂಬುದನ್ನು ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಶಾಲೆಗಳನ್ನು ಉಳಿಸಿಕೊಡಿರೆಂದು ಸರಕಾರವನ್ನು ಕೇಳುವಾಗ ಆ ಮಕ್ಕಳ ಸಂಖ್ಯೆಯೂ ನಮ್ಮ ಕೈಯಲ್ಲಿರಲಿ.